ಶ್ವಾಸಕೋಶ ಕಸಿ: ‘ಎಷ್ಟು ಮ್ಯಾಚ್ ಆಗ್ಬೇಕು ಡಾಕ್ಟ್ರೇ?’

ಶ್ವಾಸಕೋಶ ಕಸಿಗೆ ಹೆಸರು ಬರೆಸಲು ಬರುವ ಮನೆಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು. ಕಿಡ್ನಿ ಕಸಿ ಮಾಡಿಸಿಕೊಂಡ ನೆಂಟರಿಂದ ಮ್ಯಾಚಿಂಗ್ ಬಗ್ಗೆ ಕೇಳಿರುತ್ತಾರೆ. ಮ್ಯಾಚ್ ನೋಡುವುದು ಎಚ್‌ಎಲ್‌ಎಯನ್ನು, ಅಂದರೆ ಜೀವಕೋಶಗಳ ಮೈಮೇಲಿರುವ ಗುರುತಿನ ಪ್ರೋಟೀನುಗಳನ್ನು. ಒಡಹುಟ್ಟಿದವರ ನಡುವೆ ಇವು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆದರೆ ನಮ್ಮಲ್ಲಿ ಶ್ವಾಸಕೋಶ ಬರುವುದು ಮಿದುಳು ನಿಷ್ಕ್ರಿಯಗೊಂಡ ಅಪರಿಚಿತ ದಾನಿಯಿಂದ. ಅಲ್ಲಿ ಪೂರ್ತಿ ಹೊಂದಿಕೆ ಸಿಗುವುದು ತೀರಾ ಅಪರೂಪ.

ಈ ಎಚ್‌ಎಲ್‌ಎ ಪ್ರೋಟೀನುಗಳು ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬರುತ್ತವೆ. ಹೆಚ್ಚು ಹೊಂದಿದವರಿಗೆ ಕಸಿಯ ನಂತರದ ಬದುಕು ಸ್ವಲ್ಪ ಉತ್ತಮ ಎಂದು ದೊಡ್ಡ ಅಧ್ಯಯನಗಳು ತೋರಿಸಿವೆ. ಆದರೆ ಆ ಲಾಭ ಚಿಕ್ಕದು. ಮಂಜಿನಲ್ಲಿಟ್ಟ ಶ್ವಾಸಕೋಶವನ್ನು ಸಾಮಾನ್ಯವಾಗಿ 6ರಿಂದ 8 ಗಂಟೆಯೊಳಗೆ ಜೋಡಿಸಬೇಕು. ಹಾಗಾಗಿ ಎಚ್‌ಎಲ್‌ಎ ಹೊಂದಿಕೆಗೆ ಕಾಯದೆ ರಕ್ತದ ಗುಂಪು, ಎದೆಗೂಡಿನ ಅಳತೆ, ರೋಗಿಯ ತುರ್ತು ನೋಡಿ ಮುಂದುವರಿಯುತ್ತೇವೆ.

ನಿಜವಾಗಿ ಹೆದರಬೇಕಾದದ್ದು ದಾನಿಯ ಎಚ್‌ಎಲ್‌ಎ ವಿರುದ್ಧ ರೋಗಿಯ ರಕ್ತದಲ್ಲಿ ಮೊದಲೇ ಇರುವ, ಹೊಸ ಅಂಗದ ಮೇಲೆ ದಾಳಿ ಮಾಡುವ ಪ್ರತಿಕಾಯಗಳಿಗೆ (ಆಂಟಿಬಾಡಿ). ಇದನ್ನು ಕಲಿಸಿದ್ದು ಕಿಡ್ನಿ ಕಸಿ. 1969ರಲ್ಲಿ ಪಟೇಲ್ ಮತ್ತು ಟೆರಸಾಕಿ ಎಂಬ ಸಂಶೋಧಕರು ಲೆಕ್ಕ ಮುಂದಿಟ್ಟರು. ದಾನಿಯ ಜೀವಕೋಶಗಳ ಜೊತೆ ರೋಗಿಯ ರಕ್ತದ ದ್ರವ ಬೆರೆಸಿ ನೋಡುವ ಕ್ರಾಸ್‌ಮ್ಯಾಚ್ ಪರೀಕ್ಷೆಯಲ್ಲಿ ಪಾಸಿಟಿವ್ (ಅಂದರೆ ಪ್ರತಿಕಾಯ ಇದೆ ಎಂದು) ಬಂದ 30 ಕಿಡ್ನಿಗಳಲ್ಲಿ 24 ಕೂಡಲೇ ಕೆಟ್ಟಿದ್ದವು. ನೆಗೆಟಿವ್ ಬಂದ 195ರಲ್ಲಿ ಹಾಗಾದದ್ದು ಬರೀ 8. ಈಗ ರೋಗಿಯ ಪ್ರತಿಕಾಯಗಳ ಪಟ್ಟಿಯನ್ನು ಮೊದಲೇ ಮಾಡಿಟ್ಟುಕೊಂಡಿರುತ್ತೇವೆ. ದಾನಿಯ ಎಚ್‌ಎಲ್‌ಎ ವರದಿ ಬಂದ ತಕ್ಷಣ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು. ಇದೇ ವರ್ಚುವಲ್ ಕ್ರಾಸ್‌ಮ್ಯಾಚ್.

ಈ ಪ್ರತಿಕಾಯಗಳು ಹುಟ್ಟುವುದು ಬಸಿರಿನಿಂದ, ರಕ್ತ ಏರಿಸಿದ್ದರಿಂದ, ಹಿಂದಿನ ಕಸಿಯಿಂದ. ಹೊಟ್ಟೆಯಲ್ಲಿರುವ ಮಗು ತಂದೆಯ ಅರ್ಧ ಎಚ್‌ಎಲ್‌ಎ ಹೊತ್ತಿರುತ್ತದೆ, ತಾಯಿಯ ದೇಹ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಗರ್ಭಪಾತವಾಗಿದ್ದರೂ ಅಷ್ಟೇ. ಅತ್ತೆ, ಗಂಡ ಪಕ್ಕದಲ್ಲಿ ಕೂತಿರುವಾಗ ಎಷ್ಟೋ ಹೆಣ್ಣುಮಕ್ಕಳು ಇದನ್ನು ಹೇಳುವುದಿಲ್ಲ. ಅದಕ್ಕೇ ನಾನು ಅವರೊಬ್ಬರನ್ನೇ ಒಳಗೆ ಕೂರಿಸಿಕೊಂಡು ಕೇಳುತ್ತೇನೆ. ‘ಅಮ್ಮಾ, ನಿಂತುಹೋದ ಬಸಿರೂ ಲೆಕ್ಕಕ್ಕಿದೆ. ಹೇಳಿ, ಯಾರಿಗೂ ಗೊತ್ತಾಗಲ್ಲ.’

ಇನ್ನೊಂದು ಕಷ್ಟವೂ ಇದೆ. ಗಿಡ್ಡ ಹೆಂಗಸರ ಎದೆಗೂಡು ಚಿಕ್ಕದು, ಅಳತೆಗೆ ಸರಿಹೋಗುವ ಶ್ವಾಸಕೋಶ ಕಡಿಮೆ. ಅದರ ಜೊತೆ ಪ್ರತಿಕಾಯಗಳೂ ಇದ್ದರೆ ಬಂದ ದಾನಿಗಳಲ್ಲಿ ಅನೇಕರನ್ನು ಬಿಡಬೇಕಾಗುತ್ತದೆ. ಎಲ್ಲ ಪ್ರತಿಕಾಯಕ್ಕೂ ‘ಬೇಡ’ ಎಂದರೆ ಕಾಯುತ್ತಲೇ ಜೀವ ಹೋಗಬಹುದು. ಬಲವಾದವನ್ನು ಮಾತ್ರ ತಪ್ಪಿಸಿ, ದುರ್ಬಲವಾದವು ಇದ್ದರೂ ಪ್ರತಿಕಾಯಗಳನ್ನು ತಗ್ಗಿಸುವ ಪ್ಲಾಸ್ಮಾ ಬದಲಾವಣೆ (ರಕ್ತದ ದ್ರವಭಾಗ ತೆಗೆದು ಬೇರೆ ಕೊಡುವುದು), ಇಮ್ಯುನೊಗ್ಲಾಬ್ಯುಲಿನ್ ಔಷಧಿಗಳ ನೆರವಿನಿಂದ ಮುಂದುವರಿಯುವುದು ಎಷ್ಟೋ ಸಲ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ. ಪ್ರತಿಕಾಯ ಎಷ್ಟು ಬಲವಾಗಿದೆ ಎಂದು ಮಶಿನ್ ಕೊಡುವ ಅಂಕಿಯೊಂದನ್ನೇ ನೋಡಿ ಈ ತೀರ್ಮಾನ ಮಾಡಲಾಗದು. ರೋಗಿಗೆ ಇನ್ನೆಷ್ಟು ತಿಂಗಳು ಉಳಿದಿದೆ ಎಂಬುದನ್ನೂ ನೋಡಬೇಕು.

ಕಸಿಗಾಗಿ ಕಾಯುವ ಪಟ್ಟಿಯಲ್ಲಿರುವವರಿಗೆ ಬೇರೆ ಆಸ್ಪತ್ರೆಯಲ್ಲಿ ರಕ್ತ ಏರಿಸುವ ಮಾತು ಬಂದರೆ ಮೊದಲು ನಮಗೆ ಫೋನ್ ಮಾಡಿಸಿ. ಬೇಕೇ ಬೇಕೆಂದರೆ ಬಿಳಿ ರಕ್ತಕಣ ತೆಗೆದ ರಕ್ತ ಕೊಡಲಿ. ಆಮೇಲೆ ಪ್ರತಿಕಾಯ ಪರೀಕ್ಷೆ ಮತ್ತೆ ಮಾಡಬೇಕಾಗುತ್ತದೆ.

ಕಸಿಯಾದ ಮೇಲೂ ಕತೆ ಮುಗಿಯುವುದಿಲ್ಲ. ಜಾಗತಿಕ ದಾಖಲೆಗಳ ಪ್ರಕಾರ ಶ್ವಾಸಕೋಶ ಕಸಿಯಾದವರಲ್ಲಿ ಅರ್ಧದಷ್ಟು ಜನ 6 ವರ್ಷಕ್ಕಿಂತ ಜಾಸ್ತಿ ಬದುಕುತ್ತಾರೆ. ಕಿಡ್ನಿಗೆ ಹೋಲಿಸಿದರೆ ಇದು ಕಡಿಮೆ. ಪ್ರತಿ ಉಸಿರಿನಲ್ಲೂ ಧೂಳು, ವೈರಸ್ ಒಳಗೆ ಹೋಗುತ್ತಿರುತ್ತವೆ, ರೋಗನಿರೋಧಕ ವ್ಯವಸ್ಥೆ ಸದಾ ಎಚ್ಚರದಲ್ಲಿರುತ್ತದೆ. 5 ವರ್ಷದ ಹೊತ್ತಿಗೆ ಸುಮಾರು ಅರ್ಧ ಜನರಲ್ಲಿ ಶ್ವಾಸಕೋಶ ನಿಧಾನವಾಗಿ ಸೋಲತೊಡಗುತ್ತದೆ. ಕಸಿಯ ನಂತರ ಹೊಸದಾಗಿ ಹುಟ್ಟುವ ಪ್ರತಿಕಾಯಗಳಿಗೂ ಇದಕ್ಕೂ ನಂಟಿದೆ. ಅವುಗಳಲ್ಲಿ ಹೆಚ್ಚಿನವು ಡಿಕ್ಯೂ ಎಂಬ ಎಚ್‌ಎಲ್‌ಎ ವಿರುದ್ಧ. ದೇಹ ಹೊಸ ಅಂಗವನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೊಲಿಮಸ್ ಮಾತ್ರೆ ಪದೇ ಪದೇ ತಪ್ಪಿದರೆ ಈ ಅಪಾಯ ಏರುತ್ತದೆ. ಪ್ರತಿಕಾಯ ಬಂದಾಗ ರೋಗಿಗೆ ಏನೂ ಅನ್ನಿಸದೇ ಇರಬಹುದು. ಮೆಟ್ಟಿಲು ಆರಾಮವಾಗಿ ಹತ್ತುತ್ತಿದ್ದರೂ ರಕ್ತ ಪರೀಕ್ಷೆಗೆ, ಊದುವ ಪರೀಕ್ಷೆಗೆ ಬನ್ನಿ ಎಂದು ನಾವು ಬೆನ್ನು ಬೀಳುವುದು ಇದಕ್ಕೇ.