ಮನೆ ಮಾರಲು ನಲವತ್ತು ವರ್ಷದ ಒಪ್ಪಂದ: ಅಮೆರಿಕದ ರಾಜ್ಯಗಳು ಎಚ್ಚೆತ್ತ ಬಗೆ

ಅಮೆರಿಕದಲ್ಲಿ ಮನೆ ಮಾರುವವರು ಸಾಮಾನ್ಯವಾಗಿ ಬ್ರೋಕರ್ ಜೊತೆ ಲಿಸ್ಟಿಂಗ್ ಒಪ್ಪಂದ ಮಾಡಿಕೊಳ್ಳುತ್ತಾರೆ. ಗಿರಾಕಿ ಹುಡುಕುವ ಕೆಲಸ ಬ್ರೋಕರ್‌ದು, ಮಾರಾಟವಾದರೆ ಕಮಿಷನ್ನೂ ಅವರದೇ. ಅವಧಿ ಕೆಲವು ತಿಂಗಳು, ಅಷ್ಟೆ. ಇಂಥ ಮಾಮೂಲಿ ಕಾಗದದ ಮೇಲೆ 2023ರಿಂದ ಒಂದಾದ ಮೇಲೊಂದು ರಾಜ್ಯ ಹೊಸ ಕಾನೂನು ತಂದಿದ್ದು ಯಾಕೆ?

ಬ್ರೋಕರ್‌ಗಳ ಮೇಲಿನ ಹಿಡಿತ ಅಲ್ಲಿ ಮೊದಲಿಂದಲೂ ರಾಜ್ಯಗಳದ್ದು. 1919ರಲ್ಲಿ ಕ್ಯಾಲಿಫೋರ್ನಿಯಾ ಲೈಸೆನ್ಸ್ ಕಾನೂನು ಜಾರಿ ಮಾಡಿತು, ಉಳಿದವು ಹಿಂಬಾಲಿಸಿದವು. ಒಪ್ಪಂದ ಬರವಣಿಗೆಯಲ್ಲಿರಬೇಕು, ಮುಗಿಯುವ ದಿನಾಂಕ ಇರಬೇಕು ಎಂಬ ನಿಯಮಗಳು ಹಲವೆಡೆ ಬಂದವು. ಆ ದಿನಾಂಕ ಎಷ್ಟು ದೂರ ಇರಬಹುದು ಅನ್ನೋದನ್ನು ಮಾತ್ರ ಹೆಚ್ಚಿನವರು ಬರೆದಿಡಲಿಲ್ಲ. ನಲವತ್ತು ವರ್ಷದ ಆಚೆಗಿನದೂ ದಿನಾಂಕವೇ ಅಲ್ವಾ?

ಆ ಸಂದಿಯಲ್ಲೇ ಹೊಸ ವ್ಯವಹಾರ ಹುಟ್ಟಿತು. ಕೈಗೆ ತಕ್ಷಣ ಹಣ, ಇದು ಸಾಲವಲ್ಲ, ತೀರಿಸಬೇಕಾಗಿಲ್ಲ ಎಂದು ಬ್ರೋಕರ್ ಕಂಪನಿ ಮನೆ ಮಾಲೀಕರಿಗೆ ಹೇಳುತ್ತಿತ್ತು. ಸಿಗುತ್ತಿದ್ದದ್ದು ಕೆಲವು ನೂರು ಡಾಲರ್‌ನಿಂದ 5,000 ಡಾಲರ್‌ವರೆಗೆ. ಬದಲಿಗೆ, ಮುಂದಿನ 40 ವರ್ಷದಲ್ಲಿ ಯಾವಾಗ ಮನೆ ಮಾರಿದರೂ ಅದೇ ಕಂಪನಿಯ ಮೂಲಕ ಮಾರಬೇಕು. ಬೇಡವೆಂದು ಹೊರಬಂದರೆ ಮನೆಯ ಬೆಲೆಯ ಶೇ. 3ರಷ್ಟು ಕೊಡಬೇಕು. 4 ಲಕ್ಷ ಡಾಲರ್ ಮನೆಗೆ ಅದು 12,000 ಡಾಲರ್. ಸಾವಿರ ಚಿಲ್ಲರೆ ಪಡೆದವರಿಗೆ ಇದು ಸಾಲಕ್ಕಿಂತ ದುಬಾರಿ ಬಿತ್ತು.

ನಿಜವಾದ ಗಂಟು ಬಿದ್ದಿದ್ದು ನೋಂದಣಿಯಲ್ಲಿ. ಒಪ್ಪಂದದ ಸಾರಾಂಶವನ್ನೋ ಅಡಮಾನ ಪತ್ರವನ್ನೋ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ದಾಖಲೆಗೆ ಸೇರಿಸಲಾಗುತ್ತಿತ್ತು. ಅಲ್ಲಿಂದ ಅದು ಆಸ್ತಿಗೇ ಅಂಟಿದ ಋಣಭಾರವಾಯಿತು. ಸಹಿ ಹಾಕಿದವರು ತೀರಿಕೊಂಡರೂ ಮಕ್ಕಳ ತಲೆಗೆ ಬರುತ್ತಿತ್ತು. ಮನೆ ಮಾರಲು ಅಥವಾ ಹೊಸ ಸಾಲ ಪಡೆಯಲು ಹೋದಾಗಲೇ ಎಷ್ಟೋ ಜನಕ್ಕೆ ವಿಷಯ ಗೊತ್ತಾಗಿದ್ದು. ಸಹಿ ಹಾಕಿದ್ದು ಅವರೇ ಅನ್ನೋದು ನಿಜ. ಆದರೆ ಹಣದ ತುರ್ತು ಇದ್ದವರಿಗೆ ಫೋನ್ ಮೇಲೆ ಫೋನ್ ಮಾಡಿ ಪಡೆದ ಸಹಿ ಅದು.

2022ರ ಕೊನೆಯಲ್ಲಿ ಫ್ಲಾರಿಡಾ, ಪೆನ್ಸಿಲ್ವೇನಿಯಾ, ಮ್ಯಾಸಚೂಸೆಟ್ಸ್‌ನ ಅಟಾರ್ನಿ ಜನರಲ್‌ಗಳು, ಅಂದರೆ ರಾಜ್ಯದ ಮುಖ್ಯ ಕಾನೂನು ಅಧಿಕಾರಿಗಳು, ಆ ಕಂಪನಿಯ ವಿರುದ್ಧ ಕೋರ್ಟಿಗೆ ಹೋದರು. ಇತ್ತ ಟೈಟಲ್ ಇನ್ಶೂರೆನ್ಸ್ (ಆಸ್ತಿಯ ಒಡೆತನದ ತಕರಾರಿಗೆ ಕೊಡುವ ವಿಮೆ) ಉದ್ಯಮದ ಸಂಘಟನೆ ಎಎಲ್‌ಟಿಎ ಮತ್ತು ಹಿರಿಯರ ಸಂಘಟನೆ ಎಎಆರ್‌ಪಿ ಸೇರಿ ಒಂದು ಮಾದರಿ ಮಸೂದೆಯನ್ನು ರಾಜ್ಯಗಳ ಮುಂದಿಟ್ಟವು. ಸೇವೆ ಒಂದು ವರ್ಷದೊಳಗೆ ಮುಗಿಯದಂಥದ್ದಾಗಿದ್ದು, ಮುಂದಿನ ಮಾಲೀಕರನ್ನೂ ಕಟ್ಟಿಹಾಕುವ ಅಥವಾ ಆಸ್ತಿ ಮೇಲೆ ಹಕ್ಕು ಹೇರುವ ಒಪ್ಪಂದ ನಡೆಯದು, ಅದನ್ನು ದಾಖಲೆಗೂ ಸೇರಿಸುವಂತಿಲ್ಲ ಎಂಬುದು ಅದರ ತಿರುಳು. ಜಾರ್ಜಿಯಾ, ಯೂಟಾ, ಐಡಾಹೊ, ನಾರ್ತ್ ಕ್ಯಾರೊಲೈನಾ 2023ರಲ್ಲೇ ಇಂಥ ಕಾನೂನು ಮಾಡಿದವು. ಮತ್ತಷ್ಟು ರಾಜ್ಯಗಳು ಸೇರಿಕೊಂಡವು.

ಇನ್ನೂ ಬಗೆಹರಿಯದ್ದು ಹಳೆಯ ಕಾಗದಗಳ ಗತಿ. ಹಲವು ರಾಜ್ಯಗಳ ಕಾನೂನು ಮುಂದೆ ಆಗುವ ಒಪ್ಪಂದಕ್ಕಷ್ಟೇ ಅನ್ವಯ. ಅದಕ್ಕೂ ಮೊದಲು ಸಹಿ ಹಾಕಿದವರು ಕೋರ್ಟ್ ತೀರ್ಪನ್ನೋ ಅಟಾರ್ನಿ ಜನರಲ್ ಮಾಡಿಸುವ ರಾಜಿಯನ್ನೋ ನೆಚ್ಚಿಕೊಳ್ಳಬೇಕು. ಒಪ್ಪಂದ ರದ್ದಾದರೂ ಸಾಲದು, ಕೌಂಟಿ ದಾಖಲೆಯಿಂದ ಆ ನಮೂದನ್ನು ಬೇರೆಯಾಗಿಯೇ ತೆಗೆಸಬೇಕು.