ಮೊದಲ ಗೇಮಿಂಗ್ ಪಿಸಿ: ಒಂದಕ್ಕೊಂದು ಹೊಂದುವ ಬಿಡಿಭಾಗಗಳನ್ನು ಆರಿಸುವುದು ಹೇಗೆ

ಕೊಡಗಿನಲ್ಲಿ ಕೂತು ಪಿಸಿ ಜೋಡಿಸುವವರಿಗೆ ತಪ್ಪು ಬಿಡಿಭಾಗ ಬಲು ದುಬಾರಿ. ಮೌಸ್, ಕೀಬೋರ್ಡ್, ಎಸ್‌ಎಸ್‌ಡಿ ಮಡಿಕೇರಿ, ಗೋಣಿಕೊಪ್ಪ, ಕುಶಾಲನಗರದಲ್ಲೇ ಸಿಗುತ್ತವೆ. ಬೇಕಾದ ಮಾಡೆಲ್ಲಿನ ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್ ಮಾತ್ರ ಸಾಮಾನ್ಯವಾಗಿ ಮೈಸೂರಿನಿಂದಲೋ ಬೆಂಗಳೂರಿನ ಎಸ್.ಪಿ. ರೋಡಿನಿಂದಲೋ ಬರಬೇಕು. ಜಿಲ್ಲೆಗೆ ರೈಲಿಲ್ಲ, ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಬಸ್ ಪ್ರಯಾಣ. ಹಾಗಾಗಿ ಹೊಂದಾಣಿಕೆಯ ಲೆಕ್ಕವೆಲ್ಲ ದುಡ್ಡು ಕೊಡುವ ಮೊದಲೇ, ಕಾಗದದ ಮೇಲೆ ಮುಗಿದಿರಬೇಕು.

ಹೊಂದದಿರುವುದು ಎರಡು ಬಗೆ. ಒಂದು, ಭಾಗ ಕೂರುವುದೇ ಇಲ್ಲ: ಹೊಸ ತಲೆಮಾರಿನ ಡಿಡಿಆರ್5 ರ‍್ಯಾಮನ್ನು ಹಿಂದಿನ ತಲೆಮಾರಿನ ಡಿಡಿಆರ್4 ಸ್ಲಾಟಿಗೆ ಹಾಕಲು ಹೋದರೆ ಕಚ್ಚು ಬೇರೆ ಜಾಗದಲ್ಲಿರುತ್ತದೆ, ಆಗಲೇ ಗೊತ್ತಾಗುತ್ತದೆ. ಇನ್ನೊಂದು, ಎಲ್ಲವೂ ಸರಿಯಾಗಿ ಕೂರುತ್ತದೆ, ಆದರೆ ಪಿಸಿ ಆನ್ ಆಗುವುದಿಲ್ಲ ಅಥವಾ ಅರ್ಧ ವೇಗದಲ್ಲಿ ಓಡುತ್ತದೆ. ಹೊಸಬರು ದುಡ್ಡು ಕಳೆದುಕೊಳ್ಳುವುದು ಹೆಚ್ಚಾಗಿ ಈ ಎರಡನೆಯದರಲ್ಲಿ. ಈ ಟಿಪ್ಪಣಿಯ ಬಹುಭಾಗವೂ ಅದರ ಬಗ್ಗೆಯೇ.

ಮಾನಿಟರ್‌ನಿಂದ ಶುರು ಮಾಡಿ

ಪ್ರೊಸೆಸರ್ ಆರಿಸುವ ಮೊದಲು ಮಾನಿಟರ್ ಯಾವುದು ಎಂದು ತೀರ್ಮಾನಿಸಿ. ಕಡಿಮೆ ಬಜೆಟ್ಟಿಗೆ 1920×1080 ಸಾಕು, 100 ಹರ್ಟ್ಸ್ ಇದ್ದರೆ ಒಳ್ಳೆಯದು. ಆ ಪರದೆಯನ್ನು ತುಂಬಿಸುವಷ್ಟು ಗ್ರಾಫಿಕ್ಸ್ ಕಾರ್ಡ್, ಆ ಕಾರ್ಡ್ ಕೆಲಸವಿಲ್ಲದೆ ಕಾಯುತ್ತ ಕೂರದಷ್ಟು ವೇಗದ ಪ್ರೊಸೆಸರ್, ಇವೆರಡಕ್ಕೂ ಸಾಲುವ ಎಸ್‌ಎಂಪಿಎಸ್ (ಪಿಸಿಯ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ) - ಆಯ್ಕೆ ಈ ಕ್ರಮದಲ್ಲಿ ಸಾಗಲಿ. ಮಾನಿಟರ್ ಬಿಟ್ಟು ಉಳಿದ ಬಜೆಟ್ಟಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಗ್ರಾಫಿಕ್ಸ್ ಕಾರ್ಡಿಗೇ ಹೋಗಬೇಕು. ಪ್ರೊಸೆಸರಿಗೆ ಅದಕ್ಕಿಂತ ಹೆಚ್ಚು ಹಾಕಿದ್ದೀರಾದರೆ ಪಟ್ಟಿಯನ್ನು ಇನ್ನೊಮ್ಮೆ ನೋಡಿ.

ಗ್ರಾಫಿಕ್ಸ್ ಕಾರ್ಡ್: ಮೂರು ಸಂಖ್ಯೆ

ಮೆಮೊರಿ ಎಷ್ಟು ಜಿಬಿ, ಪಿಸಿಐಇ ಲೇನ್ (ಕಾರ್ಡಿಗೂ ಬೋರ್ಡಿಗೂ ನಡುವೆ ಡೇಟಾ ಓಡಾಡುವ ದಾರಿ) ಎಷ್ಟು, ವ್ಯಾಟ್ ಎಷ್ಟು - ಈ ಮೂರನ್ನು ಬರೆದುಕೊಳ್ಳಿ. ಆರ್‌ಎಕ್ಸ್ 6600 ಕಾರ್ಡಿಗೆ 8 ಜಿಬಿ, 8 ಲೇನ್, 132 ವ್ಯಾಟ್. ಆರ್‌ಟಿಎಕ್ಸ್ 4060 ಕಾರ್ಡಿಗೆ 8 ಜಿಬಿ, 8 ಲೇನ್, 115 ವ್ಯಾಟ್. ಆರ್‌ಟಿಎಕ್ಸ್ 3050 ಹೆಸರಿನಲ್ಲಿ 8 ಜಿಬಿಯದೂ ಇದೆ, 6 ಜಿಬಿಯದೂ ಇದೆ, ಎರಡೂ ಒಂದೇ ಅಲ್ಲ. 6 ಜಿಬಿಯದು ನಿಧಾನ, ಆದರೆ 70 ವ್ಯಾಟ್ ಮಾತ್ರ ಬಳಸುವುದರಿಂದ ಅದರ ಬಹುತೇಕ ಮಾಡೆಲ್‌ಗಳಿಗೆ ಬೇರೆ ಪವರ್ ಕೇಬಲ್ ಬೇಡ.

ಲೇನ್ ಏಕೆ ಮುಖ್ಯವೆಂದರೆ, ಆರ್‌ಎಕ್ಸ್ 6500 ಎಕ್ಸ್‌ಟಿಯಂಥ 4 ಜಿಬಿ ಕಾರ್ಡ್ ಬರೀ 4 ಲೇನ್‌ನದು. ಪಿಸಿಐಇ 4.0 ಬೋರ್ಡಿನಲ್ಲಿ ಅದು ಹೇಗೋ ನಡೆದೀತು. ಹಿಂದಿನ ಆವೃತ್ತಿಯಾದ ಪಿಸಿಐಇ 3.0 ಬೋರ್ಡಿನಲ್ಲಿ ದಾರಿಯ ವೇಗ ಅರ್ಧಕ್ಕಿಳಿಯುತ್ತದೆ. ಕಾರ್ಡಿನ ಮೆಮೊರಿ ತುಂಬಿದ ಕೂಡಲೇ ಅದು ಮುಖ್ಯ ರ‍್ಯಾಮಿನಿಂದ ಡೇಟಾ ತರಬೇಕು, ಆಗ ಆಟ ತಡವರಿಸುತ್ತದೆ. 8 ಲೇನ್‌ನ 8 ಜಿಬಿ ಕಾರ್ಡಿನಲ್ಲಿ ಇದೇ ನಷ್ಟ ತೀರಾ ಕಡಿಮೆ. ಇಂಟೆಲ್ ಆರ್ಕ್ ಕಾರ್ಡ್ ತೆಗೆದುಕೊಳ್ಳುವುದಾದರೆ ಬೋರ್ಡಿನಲ್ಲಿ ರೀಸೈಜಬಲ್ ಬಾರ್ (ಕಾರ್ಡಿನ ಮೆಮೊರಿ ಪೂರ್ತಿಯನ್ನೂ ಪ್ರೊಸೆಸರ್ ಒಮ್ಮೆಗೇ ಮುಟ್ಟಲು ಬಿಡುವ) ಸೌಲಭ್ಯ ಇರಲೇಬೇಕು. ಇಲ್ಲದಿದ್ದರೆ ಆ ಕಾರ್ಡಿನ ವೇಗ ಗಣನೀಯವಾಗಿ ಬೀಳುತ್ತದೆ.

'ಐ7, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್, ಗೇಮಿಂಗ್ ಪಿಸಿ' ಎಂಬ ಅಗ್ಗದ ಜಾಹೀರಾತು ಕಂಡರೆ ಐ7ರ ಮುಂದಿನ ಅಂಕಿ ಕೇಳಿ. 2600 ಎಂದರೆ ಅದು 2011ರ ಪ್ರೊಸೆಸರ್. ಅದರಲ್ಲಿ ಎವಿಎಕ್ಸ್2 ಎಂಬ ಹೊಸ ಬಗೆಯ ಲೆಕ್ಕದ ಸೂಚನೆಗಳಿಲ್ಲ, ಕೆಲವು ಹೊಸ ಆಟಗಳು ತೆರೆಯುವುದೇ ಇಲ್ಲ; ವಿಂಡೋಸ್ 11ಕ್ಕೂ ಅಧಿಕೃತ ಬೆಂಬಲವಿಲ್ಲ. ಜೊತೆಗಿರುವ ಕಾರ್ಡ್ ಜಿಟಿ 730 ಆಗಿದ್ದರೆ ಅದು ಆಟಕ್ಕೆಂದೇ ಮಾಡಿದ ಕಾರ್ಡಲ್ಲ. ಮನೆಯವರು ಕಾಫಿ ಮಾರಿ ಕೊಟ್ಟ ದುಡ್ಡನ್ನು ಇಂಥ ಪೆಟ್ಟಿಗೆಗೆ ಸುರಿಯಬೇಡಿ.

ಪ್ರೊಸೆಸರ್, ಬೋರ್ಡ್, ರ‍್ಯಾಮ್: ಮೂರೂ ಒಟ್ಟಿಗೇ

ಇವನ್ನು ಬಿಡಿಬಿಡಿಯಾಗಿ ಆರಿಸಲು ಬರುವುದಿಲ್ಲ. ಒಂದು ಬದಲಾದರೆ ಮೂರೂ ಬದಲಾಗಬಹುದು. ಕಡಿಮೆ ಬಜೆಟ್ಟಿಗೆ ದಾರಿ ಮೂರು.

ಎಎಂಡಿಯ ಎಎಂ4 ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ): ರೈಜನ್ 5 5600 ಪ್ರೊಸೆಸರ್, ಬಿ550 ಬೋರ್ಡ್, ಡಿಡಿಆರ್4 ರ‍್ಯಾಮ್. ಈ ಸಾಕೆಟ್ಟಿಗೆ ಮುಂದಿನ ತಲೆಮಾರಿನ ಪ್ರೊಸೆಸರ್ ಬರುವುದಿಲ್ಲ, ಆದರೂ ಆರು ಕೋರ್, ಹನ್ನೆರಡು ಥ್ರೆಡ್ ಆಟಕ್ಕೆ ಸಾಕು. ಹೆಸರಿನಲ್ಲಿ ಬಹಳ ಹತ್ತಿರವಿರುವ 5500ಕ್ಕೂ ಇದಕ್ಕೂ ದೊಡ್ಡ ಅಂತರವಿದೆ. 5600ರಲ್ಲಿ ಎಲ್3 ಕ್ಯಾಶೆ (ಪ್ರೊಸೆಸರಿನೊಳಗಿನ ಚುರುಕು ಮೆಮೊರಿ) 32 ಎಂಬಿ, ಪಿಸಿಐಇ 4.0, 5500ರಲ್ಲಿ 16 ಎಂಬಿ, ಪಿಸಿಐಇ 3.0. ಬೋರ್ಡ್ 4.0 ಇದ್ದರೂ ಪ್ರೊಸೆಸರ್ 3.0 ಆದರೆ ಕಾರ್ಡಿಗೆ ಸಿಗುವುದು 3.0 ಮಾತ್ರ. ಎ520 ಮತ್ತು ಬಿ450 ಬೋರ್ಡ್‌ಗಳಲ್ಲೂ ಹೀಗೆಯೇ: ಪ್ರೊಸೆಸರ್ ಯಾವುದೇ ಇರಲಿ, 3.0.

ಇಂಟೆಲ್‌ನ ಎಲ್‌ಜಿಎ1700: ಐ3 12100ಎಫ್ ಅಥವಾ ಐ5 12400ಎಫ್. ಬೋರ್ಡ್ ಎಚ್610, ಬಿ660 ಅಥವಾ ಬಿ760. ಇಲ್ಲಿ ತುಂಬಾ ಜನ ಎಡವುತ್ತಾರೆ, ಏಕೆಂದರೆ ಒಂದೇ ಚಿಪ್‌ಸೆಟ್ಟಿನ (ಎಚ್610, ಬಿ660 ಎಂಬವು ಚಿಪ್‌ಸೆಟ್ಟಿನ ಹೆಸರು) ಬೋರ್ಡ್ ಡಿಡಿಆರ್4ರಲ್ಲೂ ಬರುತ್ತದೆ, ಡಿಡಿಆರ್5ರಲ್ಲೂ ಬರುತ್ತದೆ. ಹೆಸರಿನ ಕೊನೆಯಲ್ಲಿ ಡಿ4 ಅಥವಾ ಡಿಡಿಆರ್4 ಎಂದಿದೆಯೇ ನೋಡಿ. ಏನೂ ಇಲ್ಲದಿದ್ದರೆ ಕಂಪನಿಯ ಪುಟದಲ್ಲಿ ಮೆಮೊರಿ ಎಂಬ ಸಾಲು ಓದಿ. ಎಚ್610ರಲ್ಲಿ ರ‍್ಯಾಮ್ ವೇಗ ಏರಿಸಲು ಬರುವುದಿಲ್ಲ. ಡಿಡಿಆರ್4 ಆದರೆ 3200ಕ್ಕೇ ನಿಲ್ಲುತ್ತದೆ. ಅದರಲ್ಲಿ 3600ರ ರ‍್ಯಾಮ್ ಕೊಳ್ಳುವುದು ವ್ಯರ್ಥ.

ಎಎಂಡಿಯ ಎಎಂ5: ರೈಜನ್ 5 7500ಎಫ್ ಅಥವಾ 7600, ಬೋರ್ಡ್ ಎ620 ಅಥವಾ ಬಿ650, ರ‍್ಯಾಮ್ ಡಿಡಿಆರ್5 ಒಂದೇ. ಈಗ ಖರ್ಚು ಜಾಸ್ತಿ, ಮುಂದೆ ಬೋರ್ಡ್ ಬದಲಿಸದೆ ಪ್ರೊಸೆಸರ್ ಬದಲಿಸುವ ಅವಕಾಶ ಉಂಟು. ಮೊದಲ ಸಲ ಆನ್ ಮಾಡಿದಾಗ ರ‍್ಯಾಮ್ ಹೊಂದಿಸಿಕೊಳ್ಳಲು ಇದಕ್ಕೆ ಕೆಲವು ನಿಮಿಷ ಬೇಕು, ಅಷ್ಟು ಹೊತ್ತೂ ಪರದೆ ಕಪ್ಪಾಗಿಯೇ ಇರುತ್ತದೆ. ಕೆಟ್ಟಿದೆ ಎಂದುಕೊಂಡು ಸ್ವಿಚ್ ಆರಿಸಿದರೆ ಹೊಂದಿಸುವ ಕೆಲಸ ಮತ್ತೆ ಮೊದಲಿನಿಂದ.

ಮೂರು ದಾರಿಗೂ ಸೇರಿದ ಅಪಾಯ ಬಯೋಸ್ (ಪಿಸಿಯನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಆವೃತ್ತಿ. ಸಾಕೆಟ್ ಒಂದೇ ಆದ ಮಾತ್ರಕ್ಕೆ ಬೋರ್ಡು ಪ್ರೊಸೆಸರನ್ನು ಗುರುತಿಸುತ್ತದೆ ಎಂದಲ್ಲ. ಹಳೇ ಸ್ಟಾಕಿನ ಬಿ450ಕ್ಕೆ ರೈಜನ್ 5000 ಗೊತ್ತಿರುವುದಿಲ್ಲ. 2022ರ ಎಚ್610ಕ್ಕೆ ಬಯೋಸ್ ನವೀಕರಿಸದೆ 14ನೇ ತಲೆಮಾರಿನ ಪ್ರೊಸೆಸರ್ ಗೊತ್ತಿರುವುದಿಲ್ಲ. ಫ್ಯಾನ್ ತಿರುಗುತ್ತದೆ, ಲೈಟ್ ಹೊತ್ತುತ್ತದೆ, ಪರದೆಗೆ ಮಾತ್ರ ಏನೂ ಬರುವುದಿಲ್ಲ. ಬೋರ್ಡಿನ ಸಿಪಿಯು ಸಪೋರ್ಟ್ ಪಟ್ಟಿಯಲ್ಲಿ ನಿಮ್ಮ ಪ್ರೊಸೆಸರ್ ಎದುರಿಗೆ ಯಾವ ಆವೃತ್ತಿ ಬೇಕೆಂದು ಬರೆದಿರುತ್ತದೆ. ಅಂಗಡಿಯವರ ಹತ್ತಿರ ಅದೇ ಆವೃತ್ತಿ ಹಾಕಿಸಿಕೊಂಡು ಬನ್ನಿ, ಇಲ್ಲವೇ ಬಯೋಸ್ ಫ್ಲ್ಯಾಶ್‌ಬ್ಯಾಕ್ ಗುಂಡಿ ಇರುವ ಬೋರ್ಡ್ ಆರಿಸಿ. ಆ ಗುಂಡಿ ಇದ್ದರೆ ಎಫ್‌ಎಟಿ32ಗೆ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಫೈಲ್ ಹಾಕಿ, ಕೈಪಿಡಿ ಹೇಳಿದಂತೆ ಹೆಸರು ಬದಲಿಸಿ, ಗುರುತಿರುವ ಯುಎಸ್‌ಬಿ ಕಿಂಡಿಗೇ ಚುಚ್ಚಿ ಗುಂಡಿ ಒತ್ತಿದರೆ ಕೆಲಸ ಆಗುತ್ತದೆ, ಹಳೇ ಪ್ರೊಸೆಸರ್ ಹುಡುಕಬೇಕಾಗಿಲ್ಲ. ನವೀಕರಣದ ಮಧ್ಯೆ ಕರೆಂಟ್ ಹೋದರೆ ಬೋರ್ಡ್ ಏಳದೇ ಹೋಗಬಹುದು. ಯುಪಿಎಸ್ ಇಲ್ಲದೆ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.

ಹೆಸರಿನ ಕೊನೆಯಲ್ಲಿ ಎಫ್ ಇರುವ ಪ್ರೊಸೆಸರ್‌ಗಳಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ. ರೈಜನ್ 5 5600ರಲ್ಲೂ ಇಲ್ಲ. ಮಾನಿಟರ್ ಕೇಬಲ್ಲನ್ನು ಬೋರ್ಡಿನ ಎಚ್‌ಡಿಎಂಐಗೆ ಚುಚ್ಚಿದರೆ ಚಿತ್ರವೇ ಬರದು. ಕೆಳಗಿರುವ ಕಾರ್ಡಿಗೇ ಚುಚ್ಚಬೇಕು. ಕಾರ್ಡನ್ನು ಈಗ ಕೊಳ್ಳಲಾಗದು, ಕಾಫಿ ಕುಯ್ಲು ಮುಗಿದ ಮೇಲೆ ನೋಡೋಣ ಎನ್ನುವವರು ಒಳಗಿನ ಗ್ರಾಫಿಕ್ಸ್ ಇರುವ 5600ಜಿ ತೆಗೆದುಕೊಳ್ಳಬಹುದು. ಅದು ಪಿಸಿಐಇ 3.0 ಎಂಬುದು ನೆನಪಿರಲಿ.

ರ‍್ಯಾಮ್ 16 ಜಿಬಿ ಬೇಕಾದರೆ 8 ಜಿಬಿಯ ಎರಡು ಕಡ್ಡಿ ತನ್ನಿ, 16ರ ಒಂದೇ ಕಡ್ಡಿ ಬೇಡ. ಎರಡಿದ್ದರೆ ಎರಡು ಚಾನೆಲ್‌ನಲ್ಲಿ ಡೇಟಾ ಹರಿಯುತ್ತದೆ. ಒಳಗಿನ ಗ್ರಾಫಿಕ್ಸ್‌ನಲ್ಲಿ ಆಡುವವರಿಗಂತೂ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎರಡನೆಯದು, ನಾಲ್ಕನೆಯದು. ಆಮೇಲೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ಪೊಟ್ಟಣದ ಮೇಲಿನ ವೇಗಕ್ಕೆ ಏರಿಸುವ ಆಯ್ಕೆ) ಆನ್ ಮಾಡಿ, ಇಲ್ಲವಾದರೆ ಪೊಟ್ಟಣದ ಮೇಲೆ 3200 ಎಂದಿದ್ದರೂ ಅದು 2133 ಅಥವಾ 2400ರಲ್ಲೇ ಓಡುತ್ತಿರಬಹುದು.

ಎಸ್‌ಎಸ್‌ಡಿ, ಕ್ಯಾಬಿನೆಟ್

ಎಂ.2 ಎನ್ನುವುದು ಆಕಾರ ಮಾತ್ರ. ಅದೇ ಆಕಾರದಲ್ಲಿ ನಿಧಾನದ ಸಾಟಾ ಡ್ರೈವೂ ಇದೆ, ವೇಗದ ಎನ್‌ವಿಎಂಇ ಡ್ರೈವೂ ಇದೆ. ಎನ್‌ವಿಎಂಇ ಸ್ಲಾಟಿಗೆ ಸಾಟಾ ಡ್ರೈವ್ ಕೂತರೂ ಬೋರ್ಡಿಗೆ ಕಾಣದೆ ಹೋಗಬಹುದು. ಕ್ಯಾಬಿನೆಟ್ಟಿನಲ್ಲಿ ಎರಡು ಅಳತೆ ನೋಡಿ: ಗ್ರಾಫಿಕ್ಸ್ ಕಾರ್ಡಿನ ಉದ್ದ, ಕೂಲರಿನ ಎತ್ತರ. ಮುಂಭಾಗ ಜಾಲರಿಯದ್ದಿರಲಿ, ಗಾಜಿನದ್ದು ಬೇಡ. ಮಡಿಕೇರಿ, ಭಾಗಮಂಡಲದ ತಂಪಿಗೆ ಪ್ರೊಸೆಸರ್ ಜೊತೆ ಬರುವ ಕೂಲರೇ ಸಾಕು. ಲಿಕ್ವಿಡ್ ಕೂಲರಿಗೆ ಕೊಡುವ ದುಡ್ಡನ್ನು ಎಸ್‌ಎಂಪಿಎಸ್‌ಗೆ ಹಾಕಿ. ಬೋರ್ಡ್ ಕೂರಿಸುವಾಗ ಅದರ ತೂತುಗಳಿರುವ ಕಡೆ ಮಾತ್ರ ಹಿತ್ತಾಳೆ ಸ್ಟ್ಯಾಂಡಾಫ್ (ಬೋರ್ಡನ್ನು ತಗಡಿನಿಂದ ಎತ್ತಿ ಹಿಡಿಯುವ ತಿರುಪು) ಇರಬೇಕು. ಹೆಚ್ಚುವರಿ ಒಂದು ಉಳಿದರೆ ಬೋರ್ಡಿನ ಹಿಂಬದಿಗೆ ತಾಗಿ ಶಾರ್ಟ್ ಆಗಬಹುದು.

ಎಸ್‌ಎಂಪಿಎಸ್ ಮತ್ತು ನಮ್ಮೂರ ಕರೆಂಟ್

ಲೆಕ್ಕ ಹೀಗೆ. ಆರ್‌ಎಕ್ಸ್ 6600ಕ್ಕೆ 132 ವ್ಯಾಟ್. 65 ವ್ಯಾಟ್ ಎಂದು ಬರೆದ ಎಎಂ4 ಪ್ರೊಸೆಸರ್ ಒತ್ತಡದಲ್ಲಿ 88 ವ್ಯಾಟ್‌ವರೆಗೆ ಎಳೆಯಬಹುದು. ಬೋರ್ಡ್, ರ‍್ಯಾಮ್, ಡ್ರೈವ್, ಫ್ಯಾನ್‌ಗಳಿಗೆ 50 ಹಿಡಿಯಿರಿ. ಒಟ್ಟು 270. ಕಾರ್ಡ್ ಕ್ಷಣಕಾಲ ಇದಕ್ಕಿಂತ ಹೆಚ್ಚು ಎಳೆಯುತ್ತದೆ, ಮುಂದೆ ದೊಡ್ಡ ಕಾರ್ಡ್ ಹಾಕುವ ಆಸೆಯೂ ಬರುತ್ತದೆ, ಹಾಗಾಗಿ ಒಳ್ಳೆಯ 550 ವ್ಯಾಟ್ ಸರಿಯಾದ ಅಳತೆ. ಐ5 12400ಎಫ್ ಆದರೆ 88ರ ಬದಲು 117 ಹಾಕಿ.

ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ '450 ವ್ಯಾಟ್' ಎಸ್‌ಎಂಪಿಎಸ್ ನಂಬಬೇಡಿ. ಬದಿಯ ಚೀಟಿಯಲ್ಲಿ 12 ವೋಲ್ಟ್ ಎದುರು ಎಷ್ಟು ಆಂಪಿಯರ್ ಇದೆ ನೋಡಿ, 12ರಿಂದ ಗುಣಿಸಿ. 18 ಆಂಪಿಯರ್ ಆದರೆ 216 ವ್ಯಾಟ್. ಮೇಲಿನ ಲೆಕ್ಕಕ್ಕೆ ಅದು ಸಾಲದು. ಕಾರ್ಡಿನ ಸ್ಲಾಟ್ 75 ವ್ಯಾಟ್ ಕೊಡುತ್ತದೆ, 6 ಪಿನ್ ಕೇಬಲ್ 75, 8 ಪಿನ್ 150. ಸಾಟಾ ಕನೆಕ್ಟರ್‌ನ 12 ವೋಲ್ಟಿನಲ್ಲಿ ಸಿಗುವುದು 54 ವ್ಯಾಟ್ ಮಾತ್ರ. ಸಾಟಾದಿಂದ 8 ಪಿನ್‌ಗೆ ಬದಲಿಸುವ ಅಡಾಪ್ಟರ್ ಕರಗಿ ಸುಟ್ಟುಹೋಗುವುದು ಇದರಿಂದಲೇ. ಮಾಡ್ಯುಲರ್ (ಕೇಬಲ್ ಬಿಚ್ಚಿಡಬಹುದಾದ) ಎಸ್‌ಎಂಪಿಎಸ್ ಆದರೆ ಇನ್ನೊಂದು ಕಂಪನಿಯ ಕೇಬಲ್ ಹಾಕಬೇಡಿ. ತುದಿ ಒಂದೇ ಥರ ಕಂಡರೂ ಒಳಗಿನ ಪಿನ್‌ಗಳ ಕ್ರಮ ಬೇರೆ, ಡ್ರೈವ್ ಸುಟ್ಟೀತು.

ಅದೇ ಚೀಟಿಯಲ್ಲಿ ಇನ್‌ಪುಟ್ ವೋಲ್ಟೇಜೂ ಇರುತ್ತದೆ. ಅಗ್ಗದವುಗಳಲ್ಲಿ 200-240, ಒಳ್ಳೆಯವುಗಳಲ್ಲಿ 100-240. ಲೈನಿನ ಕೊನೆಯಲ್ಲಿರುವ ತೋಟದ ಮನೆಗಳಲ್ಲಿ ಸಂಜೆ ಪಂಪ್‌ಸೆಟ್ ಓಡುವಾಗ ವೋಲ್ಟೇಜ್ 200ಕ್ಕಿಂತ ಕೆಳಗಿಳಿದರೆ ಮೊದಲನೆಯದು ಆಫ್ ಆಗಬಹುದು, ಎರಡನೆಯದು ಓಡುತ್ತಿರುತ್ತದೆ. ಕೊಡಗಿಗೆ 100-240 ಎಂದಿರುವುದನ್ನೇ ತನ್ನಿ.

ಯುಪಿಎಸ್ ಲೆಕ್ಕ: ಒಳಗಿನ 270 ವ್ಯಾಟ್ ಗೋಡೆಯ ಹತ್ತಿರ ಸುಮಾರು 320 ಆಗುತ್ತದೆ, ಮಾನಿಟರ್ ಸೇರಿ 345. 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್, ಅಂಚಿಗೇ ಬಂತು. 1000 ವಿಎ ಇದ್ದರೆ ಆಟ ಉಳಿಸಿ ಪಿಸಿ ಮುಚ್ಚಲು ನೆಮ್ಮದಿಯ ಸಮಯ ಸಿಗುತ್ತದೆ. ಮನೆಯ ಇನ್ವರ್ಟರ್ ಮೇಲೆಯೇ ಓಡಿಸುವುದಾದರೆ ಅದರ ಸ್ವಿಚ್ಚು ಯುಪಿಎಸ್ ಮೋಡ್‌ನಲ್ಲಿರಲಿ. ಎಸ್‌ಎಂಪಿಎಸ್ ಪೂರ್ತಿ ಲೋಡಿನಲ್ಲಿ ಕರೆಂಟಿಲ್ಲದೆ ತಾಳುವುದು 16-17 ಮಿಲಿಸೆಕೆಂಡ್. ನಾರ್ಮಲ್ ಮೋಡ್ ಅದಕ್ಕಿಂತ ತಡವಾಗಿ ಬದಲಾಗುವುದರಿಂದ ಪಿಸಿ ರೀಸ್ಟಾರ್ಟ್ ಆಗುತ್ತದೆ.

ಕ್ಯಾಬಿನೆಟ್ ಮುಟ್ಟಿದಾಗ ಜುಂ ಎಂದರೆ ಬಹುತೇಕ ಅರ್ಥಿಂಗ್ ಇಲ್ಲವೆಂದೇ ಅರ್ಥ. ಎಸ್‌ಎಂಪಿಎಸ್‌ನ ಫಿಲ್ಟರ್ ಮೂಲಕ ಸೋರುವ ಅಲ್ಪ ಕರೆಂಟ್ ಭೂಮಿಗೆ ಹೋಗಲು ದಾರಿಯಿಲ್ಲದೆ ಕ್ಯಾಬಿನೆಟ್ಟಿನಲ್ಲಿ ನಿಲ್ಲುತ್ತದೆ. ಬೆಲೆ ಬಾಳುವ ಕಾರ್ಡ್ ಕೊಳ್ಳುವ ಮೊದಲು ಎಲೆಕ್ಟ್ರೀಷಿಯನ್ ಕರೆಸಿ ಅದನ್ನು ಸರಿಪಡಿಸಿ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಿ; ರೂಟರಿನಿಂದ ಬರುವ ಲ್ಯಾನ್ ಕೇಬಲ್ಲನ್ನೂ ಕೀಳಿ.

ಕಕ್ಕಡದ (ಕೊಡಗಿನ ಜುಲೈ-ಆಗಸ್ಟ್ ಮಳೆ ತಿಂಗಳು) ತೇವಕ್ಕೆ ಓಡುತ್ತಿರುವ ಪಿಸಿ ಅಷ್ಟಾಗಿ ಹೆದರಬೇಕಿಲ್ಲ, ಅದರ ಬಿಸಿಯೇ ಅದನ್ನು ಒಣಗಿಸುತ್ತದೆ. ವಾರಗಟ್ಟಲೆ ಸುಮ್ಮನೆ ಇಟ್ಟ ಪಿಸಿಯಲ್ಲಿ ಧೂಳು ತೇವ ಹೀರಿ ಪಿನ್‌ಗಳ ನಡುವೆ ಕರೆಂಟ್ ಹರಿಯಲು ದಾರಿ ಮಾಡುತ್ತದೆ. ಜೂನ್‌ಗೆ ಮೊದಲೇ ಧೂಳು ತೆಗೆಯಿರಿ, ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಓಡಿಸಿ, ನೆಲದ ಮೇಲೆ ಇಡಬೇಡಿ. ಹಿಂಬದಿಯ ಖಾಲಿ ಸ್ಲಾಟ್‌ಗಳಿಗೆ ತಗಡು ಮುಚ್ಚಿ, ಇಲ್ಲದಿದ್ದರೆ ಹಲ್ಲಿ, ಇರುವೆ ಒಳಗೆ ಹೋಗಿ ಬೆಚ್ಚಗೆ ಮನೆ ಮಾಡುತ್ತವೆ.

ಮೊದಲ ಪರೀಕ್ಷೆ ಕ್ಯಾಬಿನೆಟ್ಟಿನ ಹೊರಗೆ

ಬೋರ್ಡನ್ನು ಅದರ ರಟ್ಟಿನ ಡಬ್ಬಿಯ ಮೇಲಿಟ್ಟು ಪ್ರೊಸೆಸರ್, ಕೂಲರ್, ಒಂದು ಕಡ್ಡಿ ರ‍್ಯಾಮ್, ಕಾರ್ಡ್ ಇಷ್ಟೇ ಹಾಕಿ. 24 ಪಿನ್, ಪ್ರೊಸೆಸರ್ ಪಕ್ಕದ 8 ಪಿನ್, ಕಾರ್ಡಿನ 8 ಪಿನ್ ಮೂರೂ ಚುಚ್ಚಿ ಆನ್ ಮಾಡಿ. ಫ್ಯಾನ್ ತಿರುಗಿಯೂ ಚಿತ್ರ ಬರದಿದ್ದರೆ ಮೊದಲು ನೋಡಬೇಕಾದ್ದು ಪ್ರೊಸೆಸರ್ ಪಕ್ಕದ 8 ಪಿನ್, ಹೊಸಬರು ಮರೆಯುವುದು ಅದನ್ನೇ. ಎರಡನೆಯದು ರ‍್ಯಾಮ್ 'ಟಕ್' ಎಂದು ಕೂತಿದೆಯೇ ಎಂಬುದು. ಆಮೇಲೆ ಬೋರ್ಡಿನ ಸಿಪಿಯು, ಡಿರ‍್ಯಾಮ್, ವಿಜಿಎ ದೀಪಗಳಲ್ಲಿ ಯಾವುದು ಉರಿಯುತ್ತಿದೆ ನೋಡಿ. ಸಿಪಿಯು ದೀಪ ನಿಂತರೆ ಬಯೋಸ್ ಆವೃತ್ತಿಯ ಅನುಮಾನ ಮೊದಲು.

ಮೈಸೂರಿನಲ್ಲೇ ಜೋಡಿಸಿಕೊಂಡು ತರುವವರು ಪಿಸಿ ಬಸ್ಸಿಗೆ ಹತ್ತಿಸುವ ಮೊದಲು ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಅದರ ಡಬ್ಬಿಯಲ್ಲೇ ಇಡಿ. ತಿರುವು, ಗುಂಡಿಗಳ ರಸ್ತೆಯಲ್ಲಿ ಅದರ ಭಾರಕ್ಕೆ ಸ್ಲಾಟ್ ಸೀಳಬಹುದು, ಹಾಗೆ ಸೀಳಿದ ಬೋರ್ಡಿಗೆ ವಾರಂಟಿ ಸಿಗುವುದಿಲ್ಲ. ಕೊರಿಯರ್‌ನಲ್ಲಿ ಮಳೆಯಲ್ಲಿ ಬಂದ ಡಬ್ಬಿಯನ್ನು ಒಳಗೆ ಒಂದೆರಡು ಗಂಟೆ ಇಟ್ಟು, ತೆರೆಯುವಾಗ ವಿಡಿಯೊ ಮಾಡಿಕೊಳ್ಳಿ. ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿ, ವಾರಂಟಿ ಕೇಳುವಾಗ ಅದು ಬೇಕಾಗುತ್ತದೆ.