ತಾರಸಿ ಸೋರಿದರೆ ಮೊದಲು ಕೆಮಿಕಲ್ ಕೇಳಬೇಡಿ

ಆರಿದ್ರಾ ಮಳೆ ಹಿಡಿದು ನಾಲ್ಕು ದಿನ ಆದರೆ ಸಾಕು, ಫೋನ್ ಶುರುವಾಗುತ್ತದೆ. "ಸಾರ್, ಕಾಂಪ್ಲೆಕ್ಸ್ ತಾರಸಿ ಸೋರ್ತಾ ಇದೆ, ಯಾವ ಕೆಮಿಕಲ್ ಹೊಡೆಸಲಿ?" ತೀರ್ಥಹಳ್ಳಿ, ಹೊಸನಗರ, ಸಾಗರ, ಎಲ್ಲಾ ಕಡೆಯಿಂದ ಇದೇ ಪ್ರಶ್ನೆ. ನಾನು ತಿರುಗಿ ಕೇಳುವುದೂ ಒಂದೇ. ಮಳೆ ಬಿಟ್ಟು ಅರ್ಧ ಗಂಟೆ ಆದ ಮೇಲೆ ತಾರಸಿ ಮೇಲೆ ನೀರು ಎಲ್ಲಿ ನಿಂತಿರುತ್ತದೆ? ಥಟ್ಟನೆ ಉತ್ತರ ಹೇಳುವವರು ಕಡಿಮೆ. ಮಳೆಗಾಲದಲ್ಲಿ ಯಾರೂ ಮೇಲೆ ಹತ್ತಿ ನೋಡಿರುವುದೇ ಇಲ್ಲ.

ದಯವಿಟ್ಟು ಹತ್ತಿ ನೋಡಿ. ಹಾವಸೆ ಕಟ್ಟಿರುತ್ತದೆ, ಜಾರೀತು, ಹುಷಾರಾಗಿ ಹತ್ತಿ. ಎಲ್ಲಿ ಹಾವಸೆ ದಪ್ಪ ಇದೆಯೋ ಅಲ್ಲೇ ನೀರು ನಿಲ್ಲುತ್ತಿದೆ ಅಂತ ಅರ್ಥ.

ಕೆಮಿಕಲ್ ಕೋಟಿಂಗ್ ಬೇಡ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಕೋಟಿಂಗ್ ಬೇಕೇ ಬೇಕು. ಆದರೆ ಅದರ ಕೆಲಸ ನೀರು ಒಳಗೆ ಇಳಿಯದ ಹಾಗೆ ತಡೆಯುವುದು. ನೀರನ್ನು ತಾರಸಿಯಿಂದ ಆಚೆ ಕಳಿಸುವ ಕೆಲಸ ವಾಟದ್ದು, ಅಂದರೆ ಇಳಿಜಾರಿನದ್ದು, ಮತ್ತು ಪೈಪಿನದ್ದು. ನಮ್ಮಲ್ಲಿ ಮಳೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಅಷ್ಟು ದಿನ ನೀರು ನಿಂತರೆ ಸೂಜಿ ಮೊನೆಯಷ್ಟು ಬಿರುಕು ಸಿಕ್ಕರೂ ಸಾಕು, ಅದು ದಾರಿ ಮಾಡಿಕೊಳ್ಳುತ್ತದೆ. ಆಮೇಲೆ ಸ್ಲ್ಯಾಬಿನ ಒಳಗೆ ಸರಿದು ಹತ್ತಡಿ ಆಚೆ ಫ್ಯಾನ್ ಹುಕ್ಕಿನಲ್ಲಿ ತೊಟ್ಟಿಕ್ಕುತ್ತದೆ. ನೀವು ಫ್ಯಾನಿನ ಮೇಲಕ್ಕೆ ಸರಿಯಾಗಿ ಕೋಟಿಂಗ್ ಹೊಡೆಸುತ್ತೀರಿ. ಮುಂದಿನ ವರ್ಷ ಮತ್ತೆ ಅದೇ ಕಥೆ.

ಒಂದು ಬಟ್ಟೆ ಅಂಗಡಿಯ ಯಜಮಾನರು ಹೀಗೇ ವರ್ಷ ವರ್ಷ ದುಡ್ಡು ಸುರಿದಿದ್ದರು. ಸೀರೆ ಕಟ್ಟುಗಳ ಮೇಲೆ ಪ್ಲಾಸ್ಟಿಕ್ ಹೊದೆಸಿ ವ್ಯಾಪಾರ ಮಾಡುತ್ತಿದ್ದರು, ಪಾಪ. ಮೇಲೆ ಹೋದೆ. ಅಷ್ಟು ದೊಡ್ಡ ತಾರಸಿಗೆ ಒಂದೇ ಪೈಪ್, ಒಂದು ಮೂಲೆಯಲ್ಲಿ. ಹಾಳಾಗಿ ಹೋಗಲಿ ಅಂದರೆ ಆ ಪೈಪಿನ ಬಾಯಿ ನೆಲಕ್ಕಿಂತ ಅರ್ಧ ಇಂಚು ಎತ್ತರ! ಪ್ರತಿ ಸಲ ಕೋಟಿಂಗ್ ಮಾಡಿದವರು ಅದರ ಸುತ್ತ ಗಾರೆ ಏರಿಸುತ್ತಾ ಬಂದಿದ್ದರು. ಜಾಲಿಗೆ ಎಲೆ, ಕಸ ಕಟ್ಟಿಕೊಂಡಿತ್ತು. ಕೈಯಲ್ಲಿ ಕಸ ತೆಗೆದ ಕೂಡಲೇ ನೀರು ಗೊಳಗೊಳ ಇಳಿಯಿತು. ಆದರೂ ನಡುವೆ ಒಂದು ಮಡು ಹಾಗೇ ಉಳಿಯಿತು.

ಸ್ವಲ್ಪ ಲೆಕ್ಕ ಮಾಡೋಣ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. 2,000 ಚದರ ಅಡಿ ತಾರಸಿ ಸುಮಾರು 186 ಚದರ ಮೀಟರ್. ಗಂಟೆಗೆ 100 ಮಿಲಿಮೀಟರ್ ವೇಗದಲ್ಲಿ ಜಡಿದರೆ ಒಂದು ಗಂಟೆಗೆ 18,000 ಲೀಟರಿಗಿಂತ ಜಾಸ್ತಿ. ದೊಡ್ಡ ಟ್ಯಾಂಕರಿನಲ್ಲಿ ಮೂರು ಲೋಡು. ಅಂಥ ಮಳೆಗೆ ನಾಲ್ಕಿಂಚಿನ ಒಂದು ಪೈಪ್ ಸುಮಾರು 40 ಚದರ ಮೀಟರಿಗೆ, ಅಂದರೆ ನಾನೂರು ಚಿಲ್ಲರೆ ಚದರ ಅಡಿಗೆ ಸಾಕು ಅಂತ ನಾವು ಹಿಡಿಯುತ್ತೇವೆ. ನಿಮ್ಮ ತಾರಸಿಗೆ ಎಷ್ಟು ಬೇಕಾಯಿತು? ಐದು. ಎಷ್ಟಿದೆ ಅಂತ ಎಣಿಸಿ ನೋಡಿ.

ಇನ್ನೊಂದು ಬೇಜಾರಿನ ಸಂಗತಿ. ಶಿವಮೊಗ್ಗ ಪೇಟೆಯಲ್ಲಿ ಕಟ್ಟಿದ ಕಾಂಪ್ಲೆಕ್ಸಿನ ಪ್ಲ್ಯಾನನ್ನೇ ತಂದು ಘಟ್ಟದ ಅಂಚಿನಲ್ಲಿ ಕಟ್ಟುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಜಿಲ್ಲೆ ಒಂದೇ ಆದರೇನಾಯಿತು?

ವಾಟದ ವಿಚಾರಕ್ಕೆ ಬರುತ್ತೇನೆ, ನಿಜವಾದ ಜಗಳ ಇಲ್ಲೇ. ನೂರು ಅಡಿಗೆ ಒಂದು ಅಡಿ ಇಳಿಜಾರು ಕನಿಷ್ಠ. ಮಲೆನಾಡಿಗೆ ನಾನು ಎಂಬತ್ತಕ್ಕೆ ಒಂದು ಕೇಳುತ್ತೇನೆ. ಆಗ ಯಜಮಾನರು "ಸಮ ಇರಲಿ ಸಾರ್, ಅಡಿಕೆ ಒಣಗಿಸಬೇಕು, ಶಾಮಿಯಾನ ಹಾಕಬೇಕು" ಅನ್ನುತ್ತಾರೆ. ಸ್ವಾಮಿ, ಹತ್ತಡಿಗೆ ಬರೀ ಒಂದೂವರೆ ಇಂಚು ಇಳಿಯುತ್ತದೆ. ಅದರಲ್ಲಿ ಅಡಿಕೆ ಉರುಳಿ ಹೋಗುವುದಿಲ್ಲ, ಕುರ್ಚಿಯೂ ವಾಲುವುದಿಲ್ಲ.

ಆದರೆ ಇದನ್ನು ಸ್ಲ್ಯಾಬ್ ಹಾಕುವ ಮೊದಲೇ ತೀರ್ಮಾನ ಮಾಡಬೇಕು. ಯಾಕೆ ಅಂದರೆ, ನಲವತ್ತು ಅಡಿ ಉದ್ದಕ್ಕೆ ಒಂದೇ ಕಡೆ ವಾಟ ಕೊಟ್ಟರೆ ಎತ್ತರದ ತುದಿಯಲ್ಲಿ ಆರು ಇಂಚು ದಪ್ಪ ಏರಿಸಬೇಕು. ಇಟ್ಟಿಗೆ ಚೂರು, ಗಾರೆ ಹಾಕಿ ಅಷ್ಟು ಏರಿಸಿದರೆ ಆ ಜಾಗದಲ್ಲಿ ಚದರ ಮೀಟರಿಗೆ 250 ಕಿಲೋ ದಾಟುತ್ತದೆ. ಜನ ಓಡಾಡುವ ತಾರಸಿಗೆ ಸಾಮಾನ್ಯವಾಗಿ ಹಿಡಿಯುವ ಓಡಾಟದ ಭಾರವೇ 150 ಕಿಲೋ. ಸ್ಲ್ಯಾಬ್ ಆದ ಮೇಲೆ ಬಂದು "ಈಗ ವಾಟ ಮಾಡಿ ಕೊಡಿ" ಅಂದರೆ ಈ ಭಾರ ಎಲ್ಲಿ ಇಡಲಿ? ನಡುವೆ ದಿಣ್ಣೆ ಮಾಡಿ ಎರಡೂ ಕಡೆ ಪೈಪ್ ಕೊಟ್ಟರೆ ಅದೇ ನಲವತ್ತು ಅಡಿಗೆ ಮೂರೇ ಇಂಚು ಸಾಕು. ಇಲ್ಲವೇ ಸೆಂಟ್ರಿಂಗ್ ಕಟ್ಟುವಾಗಲೇ ಸ್ಲ್ಯಾಬನ್ನು ವಾಲಿಸಿ ಹಾಕಿದರೆ ಆಯಿತು.

ಈಗಾಗಲೇ ಕಟ್ಟಿ ಆಗಿದೆ ಅನ್ನುವವರಿಗೆ ಕಟ್ಟಡ ನೋಡದೆ ನಾನು ಖಚಿತವಾಗಿ ಏನೂ ಹೇಳಲಾರೆ. ಕಬ್ಬಿಣ ತುಕ್ಕು ಹಿಡಿದು ಅಡಿಯ ಗಾರೆ ಉದುರುತ್ತಿದ್ದರೆ ಮೊದಲು ಸ್ಟ್ರಕ್ಚರಲ್ ಇಂಜಿನಿಯರಿಗೆ ತೋರಿಸಿ. ಅಂಥದ್ದೇನೂ ಇಲ್ಲದಿದ್ದರೆ, ಎಷ್ಟೋ ಸಲ ಪ್ಯಾರಾಪೆಟ್ ಬುಡದಲ್ಲಿ ಹೊಸ ತೂತು ಕೊರೆದು ಪೈಪ್ ಕೊಟ್ಟರೇ ಅರ್ಧ ಕೆಲಸ ಆಗುತ್ತದೆ. ಸ್ಲ್ಯಾಬ್ ಕೊರೆಯುವುದಾದರೆ ಬೀಮಿನ ಮೇಲೆ ಕೈ ಹಾಕಬೇಡಿ. ಪ್ಯಾರಾಪೆಟ್ಟಿನ ತೂತಿಗಿಂತ ಎರಡು ಇಂಚು ಮೇಲಕ್ಕೆ ಇನ್ನೊಂದು ತೂತು ಇರಲಿ. ಕೆಳಗಿನದು ಕಟ್ಟಿಕೊಂಡರೆ ನೀರು ಅಲ್ಲಿಂದ ಬೀಳುವುದು ಬೀದಿಯಿಂದಲೇ ಕಾಣುತ್ತದೆ, ಹುಡುಗರನ್ನು ಮೇಲೆ ಕಳಿಸಬಹುದು.

ತಾರಸಿ ಮೇಲೆ ಶೀಟ್ ಹಾಕುವುದು ನಮ್ಮ ಕಡೆ ಒಳ್ಳೆಯ ಉಪಾಯವೇ. ಆದರೆ ಕಂಬದ ಬೋಲ್ಟನ್ನು ಸ್ಲ್ಯಾಬಿಗೆ ಕೊರೆದು ಕೂರಿಸಿದರೆ ಅಲ್ಲಿಂದಲೇ ಸೋರುತ್ತದೆ. ಗಾಳಿಗೆ ಶೀಟ್ ಏಳದ ಹಾಗೆಯೂ ನೋಡಿಕೊಳ್ಳಬೇಕು.

ಜೂನಿನಲ್ಲಿ ಫೋನ್ ಮಾಡಿದರೆ ಜಾಲಿ ಕಸ ತೆಗೆಯಿರಿ, ಟಾರ್ಪಾಲ್ ಹೊದೆಸಿ ಅಂತ ಮಾತ್ರ ಹೇಳಬಲ್ಲೆ. ಒದ್ದೆ ಸ್ಲ್ಯಾಬಿಗೆ ಹೊಡೆದ ಕೋಟಿಂಗ್ ಗುಳ್ಳೆ ಎದ್ದು ಕಿತ್ತು ಬರುತ್ತದೆ. ಫೆಬ್ರುವರಿಯಲ್ಲಿ ಕರೆಯಿರಿ. ವಾಟ ಸರಿ ಮಾಡಿ, ಕೋಟಿಂಗ್ ಹೊಡೆದು ಒಣಗಲು ಬಿಟ್ಟು, ಪೈಪಿನ ಬಾಯಿ ಮುಚ್ಚಿ ಎರಡು ಇಂಚು ನೀರನ್ನು ಎರಡು ದಿನ ನಿಲ್ಲಿಸಿ ನೋಡೋಣ. ಕೆಳಗೆ ಒಂದು ಹನಿ ಕಂಡರೂ ಕಂಟ್ರಾಕ್ಟರಿಗೆ ಕೊನೆಯ ಕಂತು ಕೊಡಬೇಡಿ.